ಗುಟ್ಟಿನ ಗಂಟು ಮನೆ ಬದಲಿಸಿದಾಗ

ಒಹಾಯೊ ರಾಜ್ಯದ ಒಂದು ಸಣ್ಣ ಊರಿನಲ್ಲಿ ನಮ್ಮ ಯಜಮಾನರು 1996ರಲ್ಲಿ ತೆರೆದ ಚಿಕಿತ್ಸಾಲಯವು 2022ರ ಡಿಸೆಂಬರ್ 31ರಂದು ಪಕ್ಕದ ಊರಿನ ದೊಡ್ಡ ಆಸ್ಪತ್ರೆಯೊಂದರ ವಶಕ್ಕೆ ಹೋಯಿತು. ಅವರಿಗೆ ನಿವೃತ್ತಿಯ ವಯಸ್ಸಾಗಿತ್ತು. ಮಕ್ಕಳಿಬ್ಬರೂ ವೈದ್ಯವೃತ್ತಿಯ ಕಡೆಗೆ ತಿರುಗಿ ನೋಡಿದವರಲ್ಲ. ಕುರ್ಚಿ, ಮೇಜು, ತೂಕದ ಯಂತ್ರ, ಮಕ್ಕಳ ಎತ್ತರ ಅಳೆಯುವ ಜಿರಾಫೆಯ ಚಿತ್ರ, ಇವೆಲ್ಲ ಒಂದೇ ಮಧ್ಯಾಹ್ನದಲ್ಲಿ ಸಾಗಿಹೋದವು. ಸುಲಭವಾಗಿ ಸಾಗದೆ ನಿಂತದ್ದು ಮತ್ತೊಂದಿತ್ತು: ನಾಲ್ಕು ಸಾವಿರಕ್ಕೂ ಮಿಕ್ಕಿದ ಮಂದಿಯ ರೋಗದ ಕಥೆ. ಅದನ್ನು ದಾರಿಯಲ್ಲಿ ಚೆಲ್ಲದಂತೆ, ಒಬ್ಬರದು ಇನ್ನೊಬ್ಬರದರೊಡನೆ ಬೆರೆಯದಂತೆ ಆ ಮನೆಗೆ ಮುಟ್ಟಿಸಲು ಎಂಟು ತಿಂಗಳು ಹಿಡಿಯಿತು.

ನಾನು ಮೈಸೂರಿನ ಮಹಾರಾಣಿ ಕಾಲೇಜಿನಲ್ಲಿ ಐಚ್ಛಿಕ ಕನ್ನಡವನ್ನೂ ಇತಿಹಾಸವನ್ನೂ ಓದಿ ಬಿ.ಎ. ಮಾಡಿದವಳು. ಮದುವೆಯಾಗಿ ಈ ದೇಶಕ್ಕೆ ಬಂದು ಮೂವತ್ತು ವರ್ಷಗಳಿಗೂ ಮೇಲಾಯಿತು. ಮನೆ, ಮಕ್ಕಳು, ಕನ್ನಡ ಕೂಟದ ಅಡುಗೆಯ ಸಮಿತಿ, ಇದಿಷ್ಟೇ ನನ್ನ ರಾಜ್ಯಭಾರ. ವೈದ್ಯವಿಜ್ಞಾನವೂ ಗಣಕಯಂತ್ರವೂ ನನಗೆ ದೂರದ ನೆಂಟರಿದ್ದಂತೆ. ಹಾಗಿದ್ದರೂ ಈ ಸಾಗಾಟದಲ್ಲಿ ನನಗೂ ಒಂದು ಸಣ್ಣ ಕೆಲಸ ಬಿದ್ದಿತು. ಸಮ್ಮೇಳನಕ್ಕೆ ಬಂದಿರುವ ಬಂಧುಗಳಲ್ಲಿ ವೈದ್ಯರೂ ಬಹಳ, ರೋಗಿಗಳಾದರೋ ನಾವೆಲ್ಲರೂ ಹೌದು. ಆದುದರಿಂದ ಆ ಅನುಭವವನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ನಂಜನಗೂಡಿನಲ್ಲಿ ನನ್ನ ಬಾಲ್ಯಕಾಲದ ಡಾಕ್ಟರು ಯಾರ ಬಗೆಗೂ ಒಂದು ಚೀಟಿಯನ್ನೂ ಬರೆದಿಟ್ಟವರಲ್ಲ. ಯಾರಿಗೆ ಯಾವ ಗುಳಿಗೆ ಒಗ್ಗದು, ಯಾವ ಮನೆಯ ಸೊಸೆಗೆ ಎಷ್ಟು ಬಾರಿ ಬಸಿರು ನಿಲ್ಲಲಿಲ್ಲ, ಯಾವ ಯಜಮಾನರು ರಾತ್ರಿ ಕುಡಿಯುತ್ತಾರೆ, ಎಲ್ಲವೂ ಅವರ ತಲೆಯಲ್ಲಿಯೇ ಇತ್ತು. ಅಂಗಡಿಬೀದಿಯಲ್ಲಿ ಎದುರಾದರೆ ಏನೂ ತಿಳಿಯದವರಂತೆ ನಕ್ಕು ಮುಂದೆ ಹೋಗುವರು. ಅವರು ತೀರಿಕೊಂಡಾಗ ಊರಿನ ಗುಟ್ಟೆಲ್ಲವೂ ಅವರೊಂದಿಗೇ ಹೋಯಿತು. ಆದರೆ ಆ ಜಾಗಕ್ಕೆ ಬಂದ ಹೊಸ ಡಾಕ್ಟರಿಗೆ ಒಂದಕ್ಷರವೂ ಸಿಗಲಿಲ್ಲ. ನನ್ನ ಅಜ್ಜಿಗೆ ಒಗ್ಗದಿದ್ದ ಮದ್ದನ್ನೇ ಅವರು ಪಾಪ, ತಿಳಿಯದೆ ಕೊಟ್ಟರು. ಮೈತುಂಬ ದದ್ದೆದ್ದು ಅಜ್ಜಿ ಎಂಟು ದಿನ ನರಳಿದ್ದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಈಗಲೂ ನಮ್ಮೂರಿನಲ್ಲಿ ರೋಗಿಯೇ ತನ್ನ ಚೀಟಿಗಳನ್ನೂ ಎಕ್ಸ್‌ರೇ ಹಾಳೆಗಳನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಹೊತ್ತು ಆಸ್ಪತ್ರೆಯಿಂದ ಆಸ್ಪತ್ರೆಗೆ ತಿರುಗುವುದನ್ನು ಕಂಡಾಗ, ಆ ಚೀಲವನ್ನು ಹಾಸ್ಯಮಾಡಲು ನನಗೆ ಮನಸ್ಸು ಬಾರದು.

ಈ ದೇಶದಲ್ಲಿ ಆ ಚೀಲವನ್ನು ಕಾಯುವ ಹೊಣೆ ವೈದ್ಯರದು. ನಮ್ಮ ಚಿಕಿತ್ಸಾಲಯ ಹುಟ್ಟಿದ 1996ರಲ್ಲಿಯೇ ಹಿಪಾ ಎಂಬ ಶಾಸನವೂ ಹುಟ್ಟಿತು. ರೋಗಿಯ ಗೋಪ್ಯತೆಯನ್ನು ಕುರಿತ ಅದರ ನಿಯಮಗಳು 2003ರ ಏಪ್ರಿಲಿನಿಂದ ಆಚರಣೆಗೆ ಬಂದವು. 2009ರ ಇನ್ನೊಂದು ಶಾಸನವು ಕಾಗದದ ಕಡತಗಳನ್ನು ಬಿಟ್ಟು ಗಣಕಯಂತ್ರಕ್ಕೆ ಬರುವ ವೈದ್ಯರಿಗೆ ಪ್ರೋತ್ಸಾಹಧನ ಕೊಟ್ಟಿತು. ನಾವು 2012ರಲ್ಲಿ ಬದಲಾದೆವು. ಅಲ್ಲಿಯವರೆಗೆ ಬಣ್ಣಬಣ್ಣದ ಚೀಟಿ ಅಂಟಿಸಿದ ಕಡತಗಳು ಗೋಡೆಯುದ್ದಕ್ಕೂ ನಿಂತಿದ್ದವು.

ಚಿಕಿತ್ಸಾಲಯವನ್ನು ಒಪ್ಪಿಸುವ ಮಾತುಕತೆ ಆರಂಭವಾದಾಗ ನಾನು ಕೇಳಿದ ಮೊದಲ ಪ್ರಶ್ನೆ, ನಾಲ್ಕು ಸಾವಿರ ಮಂದಿಯ ಬಳಿಯೂ ಸಹಿ ಹಾಕಿಸಿಕೊಳ್ಳಬೇಕೇ ಎಂದು. ಬೇಕಿಲ್ಲವಂತೆ. ಒಬ್ಬ ವೈದ್ಯರ ವೃತ್ತಿಯು ಇದೇ ಶಾಸನಕ್ಕೆ ಒಳಪಟ್ಟ ಇನ್ನೊಂದು ಸಂಸ್ಥೆಯ ಕೈಗೆ ಹೋಗುವಾಗ ದಾಖಲೆಗಳು ಅದರೊಡನೆ ಹೋಗಬಹುದೆಂದು ನಿಯಮದಲ್ಲಿಯೇ ಇದೆ. ಆದರೂ ಪ್ರತಿಯೊಬ್ಬರಿಗೂ ಮುಂಚಿತವಾಗಿ ಕಾಗದ ಬರೆದು ತಿಳಿಸಿದೆವು: ನಿಮ್ಮ ದಾಖಲೆ ಇಂಥಲ್ಲಿಗೆ ಹೋಗುತ್ತದೆ, ಬೇರೆ ವೈದ್ಯರನ್ನು ಆರಿಸಿಕೊಳ್ಳುವಿರಾದರೆ ಅವರಿಗೇ ಪ್ರತಿ ಕಳುಹಿಸುತ್ತೇವೆ. ಮಾದಕವ್ಯಸನದ ಚಿಕಿತ್ಸೆಗೂ ಮನೋಚಿಕಿತ್ಸಕರ ಖಾಸಗಿ ಟಿಪ್ಪಣಿಗಳಿಗೂ ಬೇರೆಯೇ ಕಟ್ಟುಪಾಡುಗಳಿವೆ. ಅಂಥ ಕಾಗದಗಳು ನಮ್ಮ ಕಡತಗಳಲ್ಲಿ ಎಲ್ಲಿ ಸೇರಿಕೊಂಡಿದ್ದರೂ ಪ್ರತ್ಯೇಕಿಸಿ, ವಕೀಲರನ್ನು ಕೇಳಿಯೇ ಮುಂದುವರಿಯಬೇಕಾಯಿತು.

ಕಾಗದ ತಲುಪಿದ ವಾರದಲ್ಲಿಯೇ ಒಬ್ಬರು ಬಾಗಿಲಿಗೆ ಬಂದು ನಿಂತರು. ಗುರುತು ಸಿಗದಂತೆ ವಿವರವನ್ನು ತುಸು ಬದಲಿಸಿ ಹೇಳುತ್ತೇನೆ. ಆ ದೊಡ್ಡ ಆಸ್ಪತ್ರೆಯ ಕಚೇರಿಯಲ್ಲಿ ಅವರ ವಿಚ್ಛೇದಿತ ಪತ್ನಿ ಕೆಲಸ ಮಾಡುತ್ತಿದ್ದಾರೆ. ತಮ್ಮ ಕಾಯಿಲೆಯ ವಿಷಯ ಆಕೆಯ ಕಣ್ಣಿಗೆ ಬೀಳಕೂಡದು. ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ, ಆಸ್ಪತ್ರೆಯವರಲ್ಲಿ ಇತ್ತು. ಕೆಲವು ದಾಖಲೆಗಳಿಗೆ ಅವರು ಹೆಚ್ಚಿನ ಕಾವಲು ಇಡುತ್ತಾರೆ. ಬೆಂಕಿಯ ಗಂಟೆಯ ಗಾಜನ್ನು ಒಡೆದು ಒತ್ತುತ್ತೇವಲ್ಲ, ಆ ಕಾವಲಿಗೂ ಗಾಜು ಒಡೆಯುವುದೆಂದೇ ಹೆಸರು. ತೆರೆಯಹೊರಟವರು ಕಾರಣ ಬರೆಯಬೇಕು, ಅವರ ಹೆಸರೂ ವೇಳೆಯೂ ದಾಖಲಾಗುತ್ತವೆ, ಅದನ್ನು ಮತ್ತೊಬ್ಬರು ಪರಿಶೀಲಿಸುತ್ತಾರೆ. ಆ ವ್ಯಕ್ತಿ ಎರಡು ದಿನ ಯೋಚಿಸಿ ಒಪ್ಪಿದರು.

ಇನ್ನು ನನ್ನ ಪಾತ್ರ. ಸಂಬಳವಿಲ್ಲದೆ ಕೈಜೋಡಿಸುವವರೂ ಶಾಸನದ ದೃಷ್ಟಿಯಲ್ಲಿ ಕೆಲಸಗಾರರೇ. ಆದುದರಿಂದ ನನಗೂ ಅರ್ಧ ದಿನದ ಪಾಠವಾಯಿತು, ಗೋಪ್ಯತೆಯ ಪತ್ರಕ್ಕೆ ಸಹಿಯಾಯಿತು. ಸಹಿ ಮಾಡಿಸಿಕೊಂಡವರು ನಮ್ಮ ಯಜಮಾನರೇ. “ನೋಡು, ಹೆಸರು, ಹುಟ್ಟಿದ ದಿನ, ವಿಳಾಸ. ಈ ಮೂರರ ಆಚೆಗೆ ನಿನ್ನ ಕಣ್ಣು ಹೋಗಬಾರದು” ಎಂದರು. ಇಪ್ಪತ್ತಾರು ವರ್ಷ ಊಟದ ಮೇಜಿನ ಮೇಲೆ ಒಬ್ಬ ರೋಗಿಯ ಹೆಸರನ್ನೂ ಎತ್ತದ ಮನುಷ್ಯ. “ಆಗಲಿ ರೀ” ಎಂದೆ. ಔಷಧ, ಅಲರ್ಜಿ ಮುಂತಾದವನ್ನು ತಾಳೆ ನೋಡುವ ಹೊಣೆ ನಮ್ಮಲ್ಲಿ ಹದಿನೆಂಟು ವರ್ಷದಿಂದ ಇದ್ದ ನರ್ಸಮ್ಮನವರದು.

ಮೊದಲು ಐವತ್ತು ಮಂದಿಯ ದಾಖಲೆಗಳನ್ನು ಮಾತ್ರ ಪ್ರಯೋಗಕ್ಕಾಗಿ ಕಳುಹಿಸಲಾಯಿತು. ಹಳೆಯ ಪರದೆಯನ್ನೂ ಹೊಸ ಪರದೆಯನ್ನೂ ಅಕ್ಕಪಕ್ಕದಲ್ಲಿಟ್ಟು ನರ್ಸಮ್ಮನವರು ಒಂದೊಂದು ಸಾಲನ್ನೂ ಓದಿದರು. ಮೂರನೆಯ ದಿನ ಅವರು ಕುರ್ಚಿಯಿಂದ ಎದ್ದು ನಿಂತದ್ದನ್ನು ಕಂಡೆ. ಅಲರ್ಜಿಗೆಂದು ಹಳೆಯ ತಂತ್ರಾಂಶದಲ್ಲಿ ಒಂದು ಪಟ್ಟಿಯಿತ್ತು. ಅದರಲ್ಲಿ ಆರಿಸಿ ಗುರುತು ಹಾಕಿದ್ದರೆ ಅದು ಹೊಸ ಮನೆಗೆ ಸರಿಯಾಗಿ ಹೋಗುತ್ತಿತ್ತು. ಆದರೆ ಗಡಿಬಿಡಿಯ ದಿನಗಳಲ್ಲಿ ನಮ್ಮವರು ಪಟ್ಟಿಯ ಗೋಜಿಗೆ ಹೋಗದೆ, ಪಕ್ಕದ ಟಿಪ್ಪಣಿಯ ಜಾಗದಲ್ಲಿ ‘ಸಲ್ಫಾ ಕೊಟ್ಟರೆ ದದ್ದು’ ಎಂದು ಬೆರಳಚ್ಚು ಮಾಡಿಬಿಡುತ್ತಿದ್ದರು. ಆ ಟಿಪ್ಪಣಿಗೆ ಹೊಸ ತಂತ್ರಾಂಶದಲ್ಲಿ ಸ್ಥಳವನ್ನೇ ಗೊತ್ತುಮಾಡಿರಲಿಲ್ಲ. ಅಲ್ಲಿ ಕಾಣುತ್ತಿದ್ದದ್ದು: ಅಲರ್ಜಿ ಏನೂ ಇಲ್ಲ. ಖಾಲಿ ಬಿಟ್ಟಿದ್ದರೂ ಯಾರಾದರೂ ಕೇಳಿಯಾರು. ‘ಇಲ್ಲ’ ಎಂದು ಬರೆದಿದ್ದರೆ ಯಾರು ಕೇಳುತ್ತಾರೆ? ನನಗೆ ಅಜ್ಜಿಯ ಬೆನ್ನಿನ ದದ್ದುಗಳು ನೆನಪಾದವು. ಅಂದಿನಿಂದ ಎರಡು ತಿಂಗಳು ನಮ್ಮ ಯಜಮಾನರೂ ನರ್ಸಮ್ಮನವರೂ ಸಂಜೆ ಕುಳಿತು, ಟಿಪ್ಪಣಿಗಳಲ್ಲಿ ಹುದುಗಿದ್ದ ಅಲರ್ಜಿಗಳನ್ನೆಲ್ಲ ಹೆಕ್ಕಿ ಪಟ್ಟಿಗೆ ಏರಿಸಿದರು. ನಾನು ಮನೆಯಿಂದ ಚಿತ್ರಾನ್ನವನ್ನೂ ಮೊಸರನ್ನವನ್ನೂ ಒಯ್ದು ಕೊಡುತ್ತಿದ್ದೆ. ನರ್ಸಮ್ಮನವರಿಗೆ ಒಗ್ಗರಣೆಯ ಒಣಮೆಣಸಿನಕಾಯಿ ಅಲ್ಲಿಯೇ ರೂಢಿಯಾಯಿತು.

ಆ ಆಗಸ್ಟಿನಲ್ಲಿ ವರಮಹಾಲಕ್ಷ್ಮಿ ಹಬ್ಬಕ್ಕೆಂದು ಬೀರುವಿನಿಂದ ರೇಷ್ಮೆ ಸೀರೆ ತೆಗೆಯುತ್ತಿದ್ದೆ. ಸೀರೆಯ ಮಡಿಕೆಗಳ ಕೆಳಗೆ ಕೈಗೆ ಗಟ್ಟಿಯಾದದ್ದೇನೋ ತಗುಲಿತು. ಕಪ್ಪು ಡಬ್ಬಿಯಂಥ ಡಿಸ್ಕು. ಮೇಲೆ ಅವರದೇ ಅಕ್ಷರದಲ್ಲಿ 2014 ಎಂದಿತ್ತು.

“ರೀ, ಇದೇನು?”

ಅವರು ಕನ್ನಡಕ ತೆಗೆದು ಹಾಸಿಗೆಯ ಅಂಚಿನಲ್ಲಿ ಕುಳಿತುಬಿಟ್ಟರು. ಚಿಕಿತ್ಸಾಲಯಕ್ಕೆ ಬೆಂಕಿ ಬಿದ್ದರೆ ಎಲ್ಲ ಹೋದೀತೆಂಬ ಭಯದಿಂದ ಆಗೆಲ್ಲ ವಾರಕ್ಕೊಮ್ಮೆ ಪ್ರತಿ ತೆಗೆದು ಮನೆಗೆ ತರುತ್ತಿದ್ದರಂತೆ. ಮುಂದೆ ಆ ಏರ್ಪಾಡು ಬದಲಾಯಿತು, ಇದೊಂದು ಮರೆತುಹೋಯಿತು. ಅದಕ್ಕೆ ಗುಪ್ತಪದವಿರಲಿಲ್ಲ, ಗೂಢಲಿಪಿಯ ಕವಚವೂ ಇರಲಿಲ್ಲ. ಯಾರು ಬೇಕಾದರೂ ಚುಚ್ಚಿ ಓದಬಹುದಾಗಿತ್ತು. ಎಂಟು ವರ್ಷ ನನ್ನ ಧರ್ಮಾವರದ ಸೀರೆಯ ಕೆಳಗೆ ಊರಿನ ಗುಟ್ಟೆಲ್ಲ ಮಲಗಿತ್ತು. ನಾವು ಭಾರತಕ್ಕೆ ಹೋದಾಗಲೆಲ್ಲ ಮನೆಯ ಕೀಲಿಯನ್ನು ನೆರೆಯವರಿಗೆ ಕೊಟ್ಟು ಹೋದದ್ದುಂಟು!

ಅದು ಕಳುವಾಗಿದ್ದರೆ ಏನಾಗುತ್ತಿತ್ತೆಂದು ಅವರು ಆ ರಾತ್ರಿ ವಿವರಿಸಿದರು. ವಿಷಯ ತಿಳಿದ 60 ದಿನಗಳೊಳಗೆ ಪ್ರತಿಯೊಬ್ಬ ರೋಗಿಗೂ ಕಾಗದ ಬರೆಯಬೇಕು. 500 ಮಂದಿಗೆ ಮಿಕ್ಕಿದ್ದರೆ ಕೇಂದ್ರದ ಆರೋಗ್ಯ ಇಲಾಖೆಗೂ ಸ್ಥಳೀಯ ಸುದ್ದಿಮಾಧ್ಯಮಗಳಿಗೂ ತಿಳಿಸಬೇಕು. ಅದೇ ಡಿಸ್ಕಿಗೆ ಸರಿಯಾದ ಗೂಢಲಿಪಿಯ ಬೀಗವಿದ್ದು, ಬೀಗದ ಕೈ ಬೇರೆಡೆ ಭದ್ರವಾಗಿದ್ದಿದ್ದರೆ, ಕಳ್ಳನ ಕೈಗೆ ಬರಿಯ ಕಬ್ಬಿಣ ಸಿಕ್ಕಂತೆ. ಆಗ ಆ ಕಾಗದಗಳ ಅಗತ್ಯವೂ ಇಲ್ಲ. ಹೇಳಿ ಮುಗಿಸಿ, ಹಬ್ಬದ ಹಿಂದಿನ ರಾತ್ರಿ ಹತ್ತು ಗಂಟೆಗೆ ಕಾರು ತೆಗೆದು, ಅದನ್ನು ಚಿಕಿತ್ಸಾಲಯದ ಕಪಾಟಿಗೆ ಬೀಗ ಹಾಕಿಟ್ಟು ಬಂದರು. ಬೇರೆಲ್ಲಿಯಾದರೂ ಇಂಥದ್ದು ಉಳಿದಿದೆಯೇ ಎಂದು ಮರುದಿನದಿಂದ ಹುಡುಕಾಟ ಆರಂಭವಾಯಿತು. ಬಾಡಿಗೆಗೆ ತಂದಿದ್ದ ನಕಲುಯಂತ್ರದ ಹೊಟ್ಟೆಯಲ್ಲಿಯೂ ಒಂದು ಡಿಸ್ಕಿದ್ದು, ಅದು ನಕಲು ತೆಗೆದ ಹಾಳೆಗಳ ಚಿತ್ರವನ್ನು ಉಳಿಸಿಕೊಳ್ಳಬಲ್ಲದೆಂಬುದು ನನಗೆ ತಿಳಿದದ್ದು ಆಗಲೇ. ನ್ಯೂಯಾರ್ಕಿನ ಒಂದು ಆರೋಗ್ಯ ವಿಮಾ ಸಂಸ್ಥೆಯು ಅಂಥ ಯಂತ್ರಗಳನ್ನು ಅಳಿಸದೆ ಹಿಂದಿರುಗಿಸಿದ ತಪ್ಪಿಗೆ 2013ರಲ್ಲಿ 12 ಲಕ್ಷ ಡಾಲರಿಗೂ ಹೆಚ್ಚು ತೆತ್ತಿತಂತೆ.

ಸೆಪ್ಟೆಂಬರಿನಲ್ಲಿ ಸಮಸ್ತ ದಾಖಲೆಗಳ ಪ್ರತಿಯನ್ನು ಪ್ರಯೋಗಾರ್ಥವಾಗಿ ಕಳುಹಿಸಿದರು. ನಾವು ಕಳುಹಿಸಿದ್ದು 4,212 ಮಂದಿ. ಅಲ್ಲಿ ಇಳಿದದ್ದು 4,209. ಗಣಕದ ಹುಡುಗರು ಮೂರು ತಾನೇ ಎಂಬಂತೆ ಮುಖಮಾಡಿದರು. ಹೆಸರುಗಳ ಪಟ್ಟಿ ನನ್ನ ಕೈಗೆ ಬಂದಿತು.

ಒಂದು ತೊಡಕು ಸುಲಭದಲ್ಲಿ ಬಿಡಿಸಿತು. ಒಬ್ಬರೇ ಮಹಾಶಯರು ಎರಡು ಬಾರಿ ನೋಂದಾಯಿತರಾಗಿದ್ದರು. ಯಂತ್ರ ಇಬ್ಬರನ್ನೂ ಒಂದು ಮಾಡಿದ್ದು ನ್ಯಾಯವೇ. ಎರಡನೆಯದು ಅವಳಿ ಹೆಣ್ಣುಮಕ್ಕಳು. ಒಂದೇ ಮೊದಲಕ್ಷರ, ಒಂದೇ ಮನೆತನದ ಹೆಸರು, ಒಂದೇ ಹುಟ್ಟಿದ ದಿನ, ಒಂದೇ ವಿಳಾಸ. ಯಂತ್ರಕ್ಕೆ ಅವರಿಬ್ಬರು ಒಬ್ಬಳಾಗಿ ಕಂಡರು. ಮೂರನೆಯದನ್ನು ಕಂಡಾಗ ನನಗೆ ಮೈ ನಡುಗಿತು. ಅದು ನಮ್ಮವರದೇ ಕಥೆ.

ಹಳೆಯ ಮೈಸೂರಿನ ಸೀಮೆಯಿಂದ ಮಕ್ಕಳೊಡನೆ ಇರಲು ಬಂದು ಇಲ್ಲಿಯೇ ನೆಲೆಸಿದ ಇಬ್ಬರು ವೃದ್ಧ ತಾಯಂದಿರು. ಇಬ್ಬರ ಮನೆಯವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರನ್ನು ಮಾತ್ರ ಹೇಳೆನು. ಮನೆಗೊಬ್ಬರಂತೆ ನಮ್ಮ ಕಡೆ ಸಿಗುವ ಹೆಸರು ಅದು. ಪಾಸ್‌ಪೋರ್ಟಿನಲ್ಲಿ ಇಬ್ಬರಿಗೂ ಒಂದೇ ಪದದ ಹೆಸರು. ಗಂಡನ ಹೆಸರೂ ಇಲ್ಲ, ಊರಿನ ಹೆಸರೂ ಇಲ್ಲ. ಇಂಥವರಿಗೆ ಇಲ್ಲಿಯ ವೀಸಾದಲ್ಲಿ ಮೊದಲ ಹೆಸರು ಗೊತ್ತಿಲ್ಲ ಎಂಬರ್ಥದ ಎಫ್.ಎನ್.ಯು. ಎಂಬ ಮೂರಕ್ಷರವನ್ನು ಹಾಕುವುದು ಅನೇಕರಿಗೆ ತಿಳಿದಿದೆ. ಹುಟ್ಟಿದ ದಿನವಾದರೂ ಬೇರೆಯೇ? ಬರೆದಿಟ್ಟವರಾರು! ಯಾರೋ ಗುಮಾಸ್ತರು ಇಬ್ಬರಿಗೂ ಜನವರಿ 1 ಎಂದು ಕರುಣಿಸಿದ್ದಾರೆ. ವರ್ಷವೂ ಒಂದೇ ಬಂದು ಕೂತಿತ್ತು. ಎರಡೂ ಮನೆಗಳು ಒಂದೇ ಅಂಚೆ ಸಂಖ್ಯೆಯೊಳಗಿದ್ದವು. ಇಬ್ಬರನ್ನೂ ಯಂತ್ರ ಒಬ್ಬ ಎಫ್.ಎನ್.ಯು. ಆಗಿ ಎರಕ ಹೊಯ್ದಿತ್ತು. “ಇವರು ಒಬ್ಬರೋ ಇಬ್ಬರೋ ನೀವೇ ಹೇಳಬೇಕು” ಎಂದು ನರ್ಸಮ್ಮನವರು ಪಟ್ಟಿಯನ್ನು ನನ್ನತ್ತ ಸರಿಸಿದರು. ಇಬ್ಬರೂ ನಮ್ಮ ಕೂಟದ ಯುಗಾದಿಯ ಊಟಕ್ಕೆ ಬಂದು ನನ್ನ ಕೈಯ ಒಬ್ಬಟ್ಟನ್ನು ತಿಂದವರು. ಒಬ್ಬರು ಕನಕಾಂಬರದ ಬಣ್ಣದ ಸೀರೆಯಲ್ಲದೆ ಬೇರೆ ಉಡರು, ಇನ್ನೊಬ್ಬರಿಗೆ ಕಿವಿ ಮಂದ. ಯಂತ್ರಕ್ಕೆ ಇದನ್ನು ಹೇಗೆ ಹೇಳುವುದು?

ಬೆರೆತ ದಾಖಲೆಯನ್ನು ಬಿಡಿಸಿ ನೋಡಿದ ಯಜಮಾನರು ಒಂದೇ ಮಾತು ಹೇಳಿದರು. ಒಬ್ಬರು ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರು. ಇನ್ನೊಬ್ಬರಿಗೆ ಅದು ಬೇಕಿಲ್ಲ, ಕೊಟ್ಟರೆ ಅಪಾಯ. ಹೊಸ ವೈದ್ಯರ ಮುಂದೆ ಇಬ್ಬರಲ್ಲಿ ಯಾರು ಹೋಗಿ ಕೂತರೂ ಅವರ ಮುಂದಿನ ಪರದೆ ಇಬ್ಬರ ಮದ್ದನ್ನೂ ತೋರಿಸುತ್ತಿತ್ತು. ಕಳ್ಳನ ಕೈಗೆ ಗುಟ್ಟು ಸಿಗುವುದೊಂದೇ ಅನಾಹುತವೆಂದು ಅಲ್ಲಿಯವರೆಗೂ ನಾನು ತಿಳಿದಿದ್ದೆ.

ಈ ದೇಶದಲ್ಲಿ ಪ್ರತಿ ರೋಗಿಗೂ ಒಂದೇ ಸಂಖ್ಯೆ ಏಕಿಲ್ಲ ಎಂದು ಯಾರಾದರೂ ಕೇಳಬಹುದು. 1996ರ ಶಾಸನದಲ್ಲಿಯೇ ಅಂಥ ಸಂಖ್ಯೆಯ ಪ್ರಸ್ತಾಪವಿತ್ತು. ಆದರೆ ಅದು ಗೋಪ್ಯತೆಗೆ ಮಾರಕವಾದೀತೆಂಬ ಆಕ್ಷೇಪದಿಂದ, ಅದಕ್ಕೆ ಹಣ ಖರ್ಚುಮಾಡಕೂಡದೆಂದು 1998ರಲ್ಲಿ ಶಾಸನಸಭೆ ಷರತ್ತು ಹಾಕಿತು. ಆ ಷರತ್ತು ಮುಂದೆ ವರ್ಷವರ್ಷವೂ ಮುಂದುವರಿಯುತ್ತ ಬಂದಿತು. ಹೆಸರು, ಹುಟ್ಟಿದ ದಿನ, ವಿಳಾಸಗಳನ್ನು ಹೊಂದಿಸಿಯೇ ಮನುಷ್ಯರನ್ನು ಗುರುತಿಸಬೇಕಾಗಿದೆ. ಒಂದೆಡೆ ಇನಿಷಿಯಲ್ಲು, ಇನ್ನೊಂದೆಡೆ ತಂದೆಯ ಹೆಸರು, ಮತ್ತೊಂದೆಡೆ ಗಂಡನ ಹೆಸರು, ಶಾಲೆಗೆ ಸೇರಿಸಲು ಹೇಳಿದ ಹುಟ್ಟಿದ ದಿನ, ಇಂಥ ನಮಗೆ ಅದೆಷ್ಟು ಕಷ್ಟವೆಂದು ನಾನು ಹೇಳಬೇಕಾಗಿಲ್ಲ. ಸಮ್ಮೇಳನದಿಂದ ಮನೆಗೆ ಹೋದ ಮೇಲೆ ನಿಮ್ಮ ವಿಮೆಯ ಕಾರ್ಡು, ಪಾಸ್‌ಪೋರ್ಟು, ವೈದ್ಯರ ಕಚೇರಿ ಈ ಮೂರರಲ್ಲಿ ನಿಮ್ಮ ತಾಯಿಯವರ ಹೆಸರು ಒಂದೇ ರೀತಿಯಾಗಿದೆಯೇ ಎಂದು ಒಮ್ಮೆ ನೋಡಿ. ವೈದ್ಯರು ಬದಲಾಗಿದ್ದರೆ, ಹೊಸಬರ ಪರದೆಯ ಮೇಲಿನ ಅಲರ್ಜಿಯ ಸಾಲನ್ನು ಓದಿ ಹೇಳಿರೆಂದು ಕೇಳಲು ಸಂಕೋಚ ಬೇಡ. ದಾಖಲೆಯ ಪ್ರತಿ ಕೇಳಿದರೆ ಸಾಮಾನ್ಯವಾಗಿ 30 ದಿನಗಳೊಳಗೆ ಕೊಡಲೇಬೇಕೆಂಬುದು ನಿಯಮ.

ನೆಲಮಾಳಿಗೆಯಲ್ಲಿದ್ದ ಹಳೆಯ ಕಾಗದದ ಕಡತಗಳನ್ನು ಎಣಿಸಿ ಪೆಟ್ಟಿಗೆಗೆ ತುಂಬುವಾಗ ನನಗೆ ಬೇರೊಂದು ಪರೀಕ್ಷೆ ಎದುರಾಯಿತು. ಬೆನ್ನಿನ ಮೇಲೆ ಬರೆದಿದ್ದ ಹೆಸರುಗಳಲ್ಲಿ ಪರಿಚಿತರವೂ ಇದ್ದವು. ಎಷ್ಟೆಂದು ಹೇಳೆನು, ಯಾವ ಕಾಲದವೆಂದೂ ಹೇಳೆನು. ವರ್ಷಗಟ್ಟಲೆ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡವರು, ನಮ್ಮವರ ಬಳಿ ಬರುತ್ತಿದ್ದರೆಂದೇ ನಾನರಿಯೆ. ಒಳಗೇನಿದೆಯೆಂಬುದು ಹಾಗಿರಲಿ, ಬಂದಿದ್ದರು ಎಂಬುದೇ ಗುಟ್ಟು ಎಂದು ಅರ್ಧ ದಿನದ ಪಾಠದಲ್ಲಿ ಹೇಳಿದ್ದರು. ಒಂದು ಕಡತ ಕೈಜಾರಿ ತೆರೆದುಕೊಂಡಿತು. ಹಾಗೆಯೇ ಮಗುಚಿಹಾಕಿ, ಪೆಟ್ಟಿಗೆಗೆ ತುಂಬಿ, ಮೇಲೆ ಹೋಗಿ ಒಂದು ಲೋಟ ನೀರು ಕುಡಿದೆ. ನನಗೆ ಕುತೂಹಲವಾಗಲಿಲ್ಲವೆಂದರೆ ಸುಳ್ಳಾದೀತು. ಆ ದೀಪಾವಳಿಯ ಊಟದಲ್ಲಿ ಪರಿಚಿತರೊಬ್ಬರು ನನ್ನ ಕಿವಿಯ ಬಳಿ ಬಾಗಿ, “ಅಲ್ಲ ರೀ, ಅವರೂ ನಿಮ್ಮವರ ಹತ್ತಿರಾನೇ ತೋರಿಸ್ತಿದ್ರಂತೆ, ಹೌದೇ?” ಎಂದು ಒಂದು ಹೆಸರನ್ನು ಕೇಳಿದರು. “ಪಾಯಸ ಇನ್ನೊಂದು ಸೌಟು ಹಾಕಲೇ?” ಎಂದೆ. ಹಾಕಿಸಿಕೊಂಡರು.

ಡಿಸೆಂಬರ್ 30ರ ಶುಕ್ರವಾರ ಸಂಜೆ ಕೊನೆಯ ರೋಗಿ ಹೋದ ಮೇಲೆ ನಿಜವಾದ ಸಾಗಾಟ. ಸಮಸ್ತವನ್ನೂ ಒಂದು ಕಡತವಾಗಿ ಕಟ್ಟಿ, ಗೂಢಲಿಪಿಯಿಂದ ಮುಚ್ಚಿ, ಕಾವಲಿರುವ ತಂತಿಯ ದಾರಿಯಲ್ಲಿ ಕಳುಹಿಸಿದರು. ಅದನ್ನು ತೆರೆಯುವ ಗುಪ್ತಪದವು ಆ ದಾರಿಯಲ್ಲಿ ಹೋಗಕೂಡದು; ಪರಿಚಿತ ಧ್ವನಿಗೆ ದೂರವಾಣಿಯಲ್ಲಿಯೇ ಹೇಳಬೇಕು. ಬಳಿಕ ಮೊಹರು ತಾಳೆ ನೋಡುವುದು. ಇಡೀ ಕಡತವನ್ನು ಲೆಕ್ಕಹಾಕಿ ಯಂತ್ರವು 64 ಅಕ್ಷರಗಳ ಒಂದು ಸಾಲನ್ನು ಕೊಡುತ್ತದೆ. ಒಳಗೆ ಒಂದೇ ಒಂದು ಅಕ್ಷರ ಬದಲಾಗಿದ್ದರೂ ಆ ಸಾಲು ಬೇರೆಯಾಗುತ್ತದೆ. ನಮ್ಮ ಹುಡುಗ ಇಲ್ಲಿಂದ ಓದಿದ, ಆಸ್ಪತ್ರೆಯ ಹುಡುಗಿ ಅಲ್ಲಿಂದ ಓದಿದಳು. ಗಮಕಿಯ ಹಿಂದೆ ವ್ಯಾಖ್ಯಾನಕಾರರಂತೆ ಒಬ್ಬರ ಹಿಂದೊಬ್ಬರು, 64 ಅಕ್ಷರ. ಸರಿಹೋಯಿತು. ಶನಿವಾರ ರಾತ್ರಿ ಬಂದ ಎಣಿಕೆ 4,211. ಒಬ್ಬರೇ ಮಹಾಶಯರು ಒಬ್ಬರಾದರು, ಅವಳಿಗಳು ಇಬ್ಬರಾದರು, ಎಫ್.ಎನ್.ಯು. ಅಮ್ಮಂದಿರೂ ಇಬ್ಬರಾದರು. ಅವರ ದಾಖಲೆಗಳ ಮೇಲೆ ‘ಇದೇ ಹೆಸರಿನ ಇನ್ನೊಬ್ಬರಿದ್ದಾರೆ, ಎಚ್ಚರ’ ಎಂಬ ಕೆಂಪು ಸಾಲನ್ನು ಬರೆಸಿದ್ದು ನನ್ನ ಹಟದಿಂದ.

ಆಮೇಲೆ, 2024ರ ಫೆಬ್ರವರಿಯಲ್ಲಿ, ಆಸ್ಪತ್ರೆ ಮತ್ತು ವಿಮೆಗಳ ನಡುವೆ ಲೆಕ್ಕಪತ್ರ ಸಾಗಿಸುವ ಚೇಂಜ್ ಹೆಲ್ತ್‌ಕೇರ್ ಎಂಬ ಸಂಸ್ಥೆಗೆ ಕನ್ನ ಬಿದ್ದು, ಸುಮಾರು 19 ಕೋಟಿ ಜನರ ವಿವರ ಕಳ್ಳರ ಪಾಲಾಯಿತು. ದೂರದಿಂದ ಒಳಬರುವ ಒಂದು ಬಾಗಿಲಿಗೆ ಗುಪ್ತಪದದ ಜೊತೆಗೆ ಇರಬೇಕಾದ ಎರಡನೆಯ ಕಾವಲಿರಲಿಲ್ಲವಂತೆ. ಅಂಥ ಸಂಸ್ಥೆಯ ಮುಂದೆ ನಮ್ಮದೆಷ್ಟರದು? ಸುದ್ದಿ ಓದಿದ ಯಜಮಾನರು ಪತ್ರಿಕೆ ಮಡಿಸಿಟ್ಟು ಬಹಳ ಹೊತ್ತು ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದರು.

ಹಳೆಯ ಯಂತ್ರವನ್ನು ಮೂರು ತಿಂಗಳು ಓದಲಷ್ಟೇ ಬರುವಂತೆ ಇಟ್ಟುಕೊಂಡು, ಏನೂ ಕೊರತೆ ಬಾರದೆಂದು ಖಚಿತವಾದ ಮೇಲೆ, 2023ರ ಏಪ್ರಿಲಿನಲ್ಲಿ ಡಿಸ್ಕುಗಳನ್ನು ನಾಶಮಾಡಿಸಿದೆವು. ಟ್ರಕ್ಕಿನಲ್ಲಿ ಬಂದವನು ನಮ್ಮ ಕಣ್ಣೆದುರಿಗೇ ಒಂದೊಂದರ ಸಂಖ್ಯೆಯನ್ನೂ ಬರೆದುಕೊಂಡು ಯಂತ್ರದ ಬಾಯಿಗೆ ಹಾಕಿದ. ಸೀರೆಯ ಕೆಳಗಿನ 2014 ಕೊನೆಯದು. ಅದನ್ನು ನಮ್ಮವರು ತಾವೇ ಕೈಯಾರೆ ಕೊಟ್ಟರು. ನಾಶಪಡಿಸಿದ್ದಕ್ಕೆ ಒಂದು ಪ್ರಮಾಣಪತ್ರ ಸಿಕ್ಕಿತು. ಇಂಥ ಕಾಗದಗಳನ್ನು ಆರು ವರ್ಷ ಕಾಪಾಡಬೇಕಂತೆ, ಅಂದರೆ 2029ರವರೆಗೆ. ಎಲ್ಲಿಡಲಿ ಎಂದು ಕೇಳಿದರು. ಬೀರುವಿನ ಬೀಗದ ಕೈಯನ್ನು ಕೊಟ್ಟೆ.